ಒಳಗಿನ ಕಲ್ಲು ಬ್ಯಾಡಂದ್ರ

ದೋಸ್ತರ, ಇವತ್ತು ಮಧ್ಯಾಹ್ನ ಗಾಂಧಿ ಗಂಜ್ ಕಾಳಿನ ಪ್ಯಾಟಿಯ ನಮ್ಮ ಅಡತಿ ಅಂಗಡ್ಯಾಗ ಖಾಲಿ ಕುಂತಿದ್ದೆ. ಮಳಿ ಇಲ್ಲ, ಮಾಲಿಲ್ಲ, ಹಮಾಲರೆಲ್ಲ ದುಡಿಲಿಕ್ಕ ಪುಣೆಕ್ಕ ಹೋಗ್ಯಾರ. ಹಳೀ ಸಾಮಾನು ಮಾರೋ ಆ್ಯಪ್‌ನಾಗ ಒಂದು ತಕ್ಕಡಿ ಹುಡುಕ್ತಿದ್ದೆ. ಕಂಡದ್ದು ಕೊರಳಾಗ ಹಾಕ್ಕೊಳ್ಳೋ ಬೆಳ್ಳಿ ಕರಡಿಗಿ. ಊರು ಔರಾದ ಅಂತ ಬರದಿತ್ತು. ಫೋಟೊದಾಗ ಮುಚ್ಚಳ ತೆರದಿತ್ತು, ಒಳಗ ಇಷ್ಟಲಿಂಗ ಹಂಗೇ ಇತ್ತು.

ನಮ್ಮಲ್ಲಿ ಕೂಸು ಹುಟ್ಟಿದಾಗ ಲಿಂಗ ಕಟ್ತಾರ, ಸತ್ತರ ಜೋಡಿಗೇ ಮಣ್ಣಿಗೆ ಹೋಗ್ತದ. ಮಾರೂ ಮಾತೇ ಇಲ್ಲ. ಯಾರದೋ ಕೊರಳಿಂದ ಹರ್ಕೊಂಡಿರಬೇಕು.

ಮಾರೋನಿಗೆ ಫೋನ್ ಹಚ್ಚಿದೆ.

"ಬೆಳ್ಳಿ ಅಸಲಿ ಅದರಿ. ಒಳಗಿನ ಕಲ್ಲು ಬ್ಯಾಡಂದ್ರ ತೆಗೆದು ಕೊಡ್ತೇನಿ," ಅಂದ.

"ಯಾರದಪ್ಪಾ ಅದು?" ಅಂತ ಕೇಳಿದೆ. ಫೋನ್ ಇಟ್ಟುಬಿಟ್ಟ.

ಆ್ಯಪ್‌ನವರಿಗೆ ಕಳುವಿನ ಮಾಲು ಅಂತ ದೂರು ಕೊಟ್ಟೆ. 'ವಸ್ತು ನಿಮ್ಮದು ಎನ್ನಲು ರಸೀದಿ ಲಗತ್ತಿಸಿ' ಅಂತ ಉತ್ತರ ಬಂತು. ನಂದೇ ಅಲ್ಲ, ರಸೀದಿ ಎಲ್ಲಿಂದ ತರ್ಲಿ? ಜಾಹೀರಾತಿನ ಕೆಳಗ, "ಇದು ಯಾರದೋ ಲಿಂಗ, ಯಾರೂ ತಗೋಬ್ಯಾಡ್ರಿ," ಅಂತ ಬರದೆ. ಹತ್ತು ನಿಮಿಷದಾಗ ನನ್ನ ಖಾತೆನೇ ಬಂದ್ ಮಾಡಿದ್ರು. ಕಾರಣ, 'ಮಾರಾಟಗಾರರಿಗೆ ಕಿರುಕುಳ'.

ಮಗಳ ಫೋನಿನಾಗ ನೋಡಿದೆ, ಕರಡಿಗಿ ಇನ್ನೂ ಅಲ್ಲೇ ಅದ. ಅದರ ಧಣಿನೂ ನಮ್ಮ ಹಮಾಲರಂಗ ದುಡಿಲಿಕ್ಕ ಹೋಗಿ, ಬರೇ ಕೊರಳಿಲೆ ಯಾವ ಊರಾಗ ಇಟ್ಟಂಗಿ ಹೊರ್ತಿದ್ದಾನೋ.

ಅಂಗಿ ಒಳಗ ಕೈ ಹಾಕಿ ನನ್ನದು ಮುಟ್ಟಿ ನೋಡ್ಕೊಂಡೆ. ಇದನ್ನ ಕಟ್ಟಿದಾಗ ಗುರುಗಳೂ ರಸೀದಿ ಕೊಟ್ಟಿಲ್ಲರಿ.