ಬರಿದಾದ ಬಂದೂಕಿಗೆ ಪೂಜೆಯಿಲ್ಲ

ನಮ್ಮ ಮನೆಯಲ್ಲಿ ಒಂದು ಬಂದೂಕಿದೆ. ಹಾಗೆಂದ ಕೂಡಲೇ ಜನ ನಮ್ಮವರ ಮುಖದಲ್ಲಿ ಮೀಸೆ ಹುಡುಕುತ್ತಾರೆ. ಅವರಿಗೆ ಮೀಸೆಯಿಲ್ಲ. ಕರೆಂಟು ಇಲಾಖೆಯಲ್ಲಿ ಎಂಜಿನಿಯರು, ಜಿರಳೆ ಕಂಡರೂ ಪೊರಕೆಯಲ್ಲಿ ಆಚೆಗೆ ತಳ್ಳಿ ಬರುವ ಮನುಷ್ಯ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಇರುವುದು ಕುವೆಂಪುನಗರದಲ್ಲಿ. ನಮ್ಮ ಬೀದಿಗೆ ಬರುವ ದೊಡ್ಡ ಕಾಡುಪ್ರಾಣಿಯೆಂದರೆ ಮುಂಗುಸಿ.

ಬಂದೂಕು ನಮ್ಮ ಮಾವನದು. ಹೊಲಕ್ಕೆ ಹಂದಿ ನುಗ್ಗುತ್ತವೆಂದು ಬೆಳೆ ಕಾಯುವುದಕ್ಕೆ ಲೈಸೆನ್ಸು ಮಾಡಿಸಿದ್ದರು. ಒಂಟಿ ನಳಿಗೆಯದು, ಹಳೆಯದು. ಅವರು ತೀರಿಕೊಂಡ ಮೇಲೆ ಲೈಸೆನ್ಸು ನಮ್ಮವರ ಹೆಸರಿಗೆ ಬಂತು. ಅದನ್ನು ಸರ್ಕಾರಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳೋಣ ಎಂದು ನಮ್ಮವರು ಅಂದಿದ್ದರು. ಬೇಡ, ಮನೆಗೆ ತನ್ನಿ ಎಂದು ಹಠ ಹಿಡಿದವಳು ನಾನು.

ಹಠಕ್ಕೆ ಕಾರಣವಿತ್ತು. ಹಿಂದಿನ ಬೀದಿಯಲ್ಲಿ ಒಬ್ಬರೇ ಇದ್ದ ಹೆಂಗಸೊಬ್ಬರ ಮನೆಗೆ ಹಾಡಹಗಲೇ ಇಬ್ಬರು ನುಗ್ಗಿ, ಕೈಕಾಲು ಕಟ್ಟಿ, ಬಳೆ ಬಿಚ್ಚಿಕೊಂಡು ಹೋಗಿದ್ದರು. ನೋಡಿಕೊಂಡು ಬರೋಣವೆಂದು ಹೋದರೆ ಆಕೆಗೆ ಕಾಫಿ ಲೋಟ ಹಿಡಿಯುವುದಕ್ಕೂ ಆಗುತ್ತಿರಲಿಲ್ಲ. ಮಣಿಕಟ್ಟಿನ ಚರ್ಮ ಕಿತ್ತು ಬಂದಿತ್ತು. ನಮ್ಮವರಿಗೆ ಆಗಾಗ ಟೂರು. ದಸರಾ ಬಂತೆಂದರೆ ದೀಪಾಲಂಕಾರದ ಡ್ಯೂಟಿ. ಊರೆಲ್ಲ ಝಗಝಗಿಸುವಾಗ ಅವರ ಮುಖ ನನಗೆ ಕಾಣುವುದೇ ಅಪರೂಪ. ಆಗ ಮನೆಯಲ್ಲಿ ಇರುವವಳು ನಾನೊಬ್ಬಳೇ. ಆ ಮಣಿಕಟ್ಟು ನೋಡಿ ಬಂದ ಮೇಲೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಬಂದೂಕು ಬಂತು, ನಿದ್ದೆಯೂ ಬಂತು. ಅದನ್ನು ಸುಳ್ಳೆನ್ನಲಾರೆ. ಚುನಾವಣೆ ಬಂದಾಗ ಲೈಸೆನ್ಸು ಇದ್ದವರೆಲ್ಲ ಬಂದೂಕನ್ನು ಠಾಣೆಗೆ ಜಮಾ ಮಾಡಬೇಕು. ಜಮಾ ಮಾಡಿ ಬಂದ ದಿನ ನಮ್ಮವರು, "ನಿನ್ ಕಾವಲುಗಾರ ರಜಾ ಮೇಲೆ ಹೋದ ಕಣೇ" ಎಂದು ರೇಗಿಸುತ್ತಿದ್ದರು. ನಾನು ನಗುತ್ತಿದ್ದೆ. ಆದರೆ ಅದು ವಾಪಸು ಬರುವ ತನಕ ಹಿತ್ತಿಲ ಬಾಗಿಲಿನ ಚಿಲಕವನ್ನು ಎದ್ದೆದ್ದು ನೋಡಿ ಬರುತ್ತಿದ್ದೆ.

ಬಂದೂಕಿನ ವಿಚಾರದಲ್ಲಿ ನಮ್ಮವರದೇ ಒಂದು ಸಿದ್ಧಾಂತವಿತ್ತು. ಮನೆಯಲ್ಲಿ ಅದು ಯಾವಾಗಲೂ ಖಾಲಿ ಇರಬೇಕು. ತೋಟಾಗಳು ಬೇರೆ ಬೀರುವಿನಲ್ಲಿ, ಬೀಗದೊಳಗೆ. "ಗುಂಡು ಯಾಕೆ ಬೇಕು? ಕುದುರೆ ಬಿದ್ದ ಸದ್ದಿಗೇ ಕಳ್ಳ ಕಾಲಿಗೆ ಬುದ್ಧಿ ಹೇಳ್ತಾನೆ. ನಮ್ಮಪ್ಪ ಅಂಗೇ ಎಷ್ಟು ಜನನ ಓಡಿಸಿಲ್ಲ!" ಎನ್ನುತ್ತಿದ್ದರು. ಟ್ರಿಗರ್ ಎಳೆದಾಗ ಬಂದು ಬಡಿಯುವ ಹಿಂಭಾಗದ ಕೊಕ್ಕೆಗೆ ಅವರ ಹಳ್ಳಿಯಲ್ಲಿ ಕುದುರೆ ಎನ್ನುತ್ತಾರೆ. ಖಾಲಿ ಬಂದೂಕು ಪ್ರಾಣ ಉಳಿಸುತ್ತದೆ, ಯಾರ ಪ್ರಾಣವನ್ನೂ ತೆಗೆಯುವುದಿಲ್ಲ ಎಂಬುದು ಅವರ ವಾದ. ಗ್ಯಾಸ್ ಆರಿಸಿದ ಮೇಲೆ ಮತ್ತೆ ಮತ್ತೆ ಮುಟ್ಟಿ ನೋಡುವವರು. ಲೈನು ಆಫ್ ಆಗಿದೆ ಎಂದು ಯಾರು ಹೇಳಿದರೂ ತಾವೇ ಪರೀಕ್ಷೆ ಮಾಡದೆ ಯಾರನ್ನೂ ಕಂಬ ಹತ್ತಿಸುವವರಲ್ಲ. ಅವರು ಖಾಲಿ ಎಂದರೆ ಖಾಲಿಯೇ. ಟೂರಿಗೆ ಹೋಗುವಾಗ ಬೀರುವಿನ ಬೀಗದ ಕೈ ಕೊಟ್ಟು, ಕೀಲು ಒತ್ತಿ ನಳಿಗೆ ಬಗ್ಗಿಸಿ ತೋಟಾ ಹಾಕುವುದನ್ನು ನನಗೆ ಹೇಳಿಕೊಟ್ಟಿದ್ದರು. ಬೇಡ ಬೇಡವೆನ್ನುತ್ತಲೇ ಹೇಳಿಕೊಟ್ಟರು.

ಆ ವರ್ಷ ಆಯುಧಪೂಜೆಯ ಬೆಳಿಗ್ಗೆ ನಮ್ಮವರು ಬಂದೂಕನ್ನು ಬಿಚ್ಚಿ, ಎಣ್ಣೆ ಹಾಕಿ ಒರೆಸಿ, ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ, ದೇವರ ಕೋಣೆಯಲ್ಲಿ ಗೋಡೆಗೆ ಒರಗಿಸಿದರು. ಆಮೇಲೆ ಡ್ಯೂಟಿಯೆಂದು ಹೋದರು. ಪೂಜೆ ನನ್ನದು. ಕಾರು, ಸ್ಕೂಟರು ಗೇಟಿನ ಹತ್ತಿರ. ಒಳಗೆ ಹೊಲಿಗೆ ಮಿಷಿನ್ನು, ಈಳಿಗೆಮಣೆ, ಸ್ಪ್ಯಾನರು, ಟೆಸ್ಟರು, ನನ್ನ ಕೆಂಪು ಇಂಕಿನ ಪೆನ್ನು.

ನಮ್ಮಮ್ಮ ಬರಿದು ಎಂಬ ಮಾತನ್ನು ಬಾಯಲ್ಲಿ ಆಡಲೂ ಬಿಡುತ್ತಿರಲಿಲ್ಲ. ಪಕ್ಕದ ಮನೆಯ ಡಬ್ಬಿಯನ್ನು ಬರಿದಾಗಿ ಹಿಂತಿರುಗಿಸಬಾರದು, ಒಂದು ಚಮಚ ಸಕ್ಕರೆಯಾದರೂ ಹಾಕಿಕೊಡಬೇಕು. ಪಾತ್ರೆಯನ್ನು ಪೂಜೆಗಿಟ್ಟರೆ ಒಂದು ಹಿಡಿ ಅಕ್ಕಿ ಹಾಕಿಡಬೇಕು. ತರಗತಿಯಲ್ಲಿ ಮೂಢನಂಬಿಕೆಯ ಮೇಲೆ ಪ್ರಬಂಧ ಬರೆಸುವ ನಾನು ಮನೆಯಲ್ಲಿ ಇದನ್ನೆಲ್ಲ ಅಕ್ಷರ ತಪ್ಪದೆ ಮಾಡುತ್ತೇನೆ. ಮಿಷಿನ್ನಿಗೆ ದಾರ ಪೋಣಿಸಿದೆ. ಪೆನ್ನಿಗೆ ಹೊಸ ರೀಫಿಲ್ ಹಾಕಿದೆ. ಸ್ಕೂಟರಿಗೆ ಹಿಂದಿನ ದಿನವೇ ಪೆಟ್ರೋಲು ತುಂಬಿಸಿದ್ದೆ. ಕುಂಕುಮ ಹಚ್ಚಲು ಕೈ ಚಾಚಿದಾಗ ಬಂದೂಕು ಕಣ್ಣಿಗೆ ಬಿತ್ತು. ಅದೊಂದೇ ಬರಿದು.

ವರ್ಷವೆಲ್ಲ ನನ್ನನ್ನು ಕಾಯುವ ವಸ್ತು. ಅದನ್ನು ಬರಿದಾಗಿಟ್ಟು ಆರತಿ ಎತ್ತುವುದು ಹೇಗೆ? ಬೀರು ತೆಗೆದು ಒಂದು ತೋಟಾ ತಂದು, ಕೀಲು ಒತ್ತಿ, ಒಳಗಿಟ್ಟು ಮುಚ್ಚಿದೆ. ನಾಳೆ ವಿಜಯದಶಮಿಯ ಮಂಗಳಾರತಿಯಾದ ಮೇಲೆ ತೆಗೆದರಾಯಿತು ಅಂದುಕೊಂಡೆ. ಪೂಜೆಗಿಟ್ಟದ್ದನ್ನು ಅಲ್ಲಿಯವರೆಗೆ ಹೇಗೂ ಯಾರೂ ಮುಟ್ಟುವಂತಿಲ್ಲ. ನಮ್ಮವರಿಗೆ ಹೇಳಲಿಲ್ಲ. ಹೇಳಿದರೆ ಬೈಯುತ್ತಿದ್ದರು. ಬೈಸಿಕೊಳ್ಳುವುದು ನನಗೆ ಆಗಿಬರುವುದಿಲ್ಲ, ಅಷ್ಟೆ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ನಮ್ಮವರು ಬಂದು ಮಲಗುವಾಗ ನಾನು ಗೊರಕೆಯಲ್ಲಿದ್ದೆ. ಗೇಟಿನ ಸದ್ದಾದದ್ದು ಬೆಳಕು ಹರಿಯುವ ಮುಂಚೆ. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಅವರಿರಲಿಲ್ಲ. ದೇವರ ಕೋಣೆಯಿಂದ ಹೂವಿನ ಹಾರದ ಸಮೇತ ಬಂದೂಕು ಹಿಡಿದು ಅವರು ಮುಂಬಾಗಿಲಿನತ್ತ ಹೋಗುತ್ತಿದ್ದುದು ಕಾಣಿಸಿತು. ನನಗೆ ಮಾತು ಹೊರಡಲಿಲ್ಲ. ಇದನ್ನು ನನಗೆ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಭಯಕ್ಕೆ ಮಾತು ಹೊರಡಲಿಲ್ಲವೋ, ಹೇಳಿದರೆ ನನ್ನ ಕೆಲಸ ಬಯಲಾಗುತ್ತದೆಂದು ಒಂದು ಗಳಿಗೆ ತಡೆದೆನೋ? ಗೊತ್ತಿಲ್ಲ. ಆ ಒಂದು ಗಳಿಗೆಯಲ್ಲಿ ಬಾಗಿಲು ತೆರೆದಿತ್ತು.

ಕಾಂಪೌಂಡಿನೊಳಗೆ ಮಂಕಿ ಕ್ಯಾಪು ಹಾಕಿದ ಒಂದು ಆಕೃತಿ. ಕೈಯಲ್ಲಿ ಉದ್ದನೆಯ ಕೋಲು.

"ಯಾವನಲೇ ಅದು!" ಎಂದು ನಮ್ಮವರು ಕೂಗಿದರು. ಆಕೃತಿ ಗಾಬರಿಯಲ್ಲಿ ಇತ್ತ ತಿರುಗಿತು, ಕೋಲು ಮೇಲೆದ್ದಿತು. ನಮ್ಮವರು ಕುದುರೆ ಹಿಂದಕ್ಕೆಳೆದು, ಗುರಿಯಿಟ್ಟು, ಒತ್ತಿಯೇಬಿಟ್ಟರು.

ಟಕ್ ಎಂದಿತು. ಅಷ್ಟೇ.

"ಅಯ್ಯಯ್ಯೋ, ನಾನು ಕಣ್ರೀ! ಹೂವಿಗೆ ಬಂದೆ ಕಣ್ರೀ!"

ಪಕ್ಕದ ಬೀದಿಯ ಹೂವಿನ ತಾತ. ನಾವೆಲ್ಲ ಕರೆಯುವುದು ಹಾಗೆಯೇ. ಚಾಮರಾಜಪುರಂನ ಹಳೆಯ ಮನೆತನದವರು, ಕಾಲೇಜೊಂದರಲ್ಲಿ ಗ್ರಂಥಪಾಲಕರಾಗಿ ನಿವೃತ್ತಿಯಾಗಿ ಇತ್ತ ಬಂದವರು. ದಿನಾ ಮುಂಜಾನೆ ಕೊಕ್ಕೆ ಕೋಲು, ಬುಟ್ಟಿ ಹಿಡಿದು ಹೊರಟು, ಯಾರ ಕಾಂಪೌಂಡಿನಾಚೆಗೆ ಯಾವ ಕೊಂಬೆ ಬಾಗಿದೆಯೋ ಅದರಿಂದ ದೇವರಿಗೆ ಹೂವು ಬಿಡಿಸುತ್ತಾರೆ. ಮೈಸೂರಿನಲ್ಲಿ ಇದನ್ನು ಯಾರೂ ಕಳ್ಳತನವೆನ್ನುವುದಿಲ್ಲ, ಬೆನ್ನ ಹಿಂದೆ ಮಾತ್ರ ಅನ್ನುತ್ತಾರೆ. ವಿಜಯದಶಮಿಗೆ ಹೂವು ಸಾಲದೆ ಅವತ್ತು ಗೇಟಿನೊಳಗೇ ಬಂದಿದ್ದರು.

ಆಮೇಲೆ ನಗುವೋ ನಗು. ಇಬ್ಬರೂ ಒಳಗೆ ಬಂದು ಕೂತರು. ನಾನು ಹಾಲು ಕಾಯಿಸಲು ಹೋದೆ. ಒಂದೇ ಯೋಚನೆ: ತೋಟಾ ಇನ್ನೂ ಅದರೊಳಗೇ ಇದೆ.

"ಖಾಲಿ ಸ್ವಾಮಿ, ಬರೀ ಸದ್ದು! ಸುಮ್ನೆ ಎದ್ರಿಸೋಕೆ" ಎನ್ನುತ್ತಿದ್ದರು ನಮ್ಮವರು.

"ಎಲ್ಲಿ, ಇನ್ನೊಂದ್ಸಲ ಅನ್ನಿಸಿ ನೋಡೋಣ" ಎಂದರು ತಾತ, ಮಗುವಿನ ಉತ್ಸಾಹದಲ್ಲಿ.

ಅಡುಗೆಮನೆಯಿಂದ ಓಡಿ ಬಂದೆ. ನಮ್ಮವರು ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಕುದುರೆಗೆ ಹೆಬ್ಬೆರಳು ಹಾಕಿದ್ದರು. ನಳಿಗೆ ತಾತನ ಮೊಣಕಾಲಿನ ಕಡೆಗಿತ್ತು.

"ಇಡ್ರೀ ಕೆಳಗೆ! ಪೂಜೆಗಿಟ್ಟಿದ್ದನ್ನ ಮಂಗಳಾರತಿ ಆಗೋ ಮುಂಚೆ ಮುಟ್ತಾರೇನ್ರೀ?" ಎಂದು ಕಿರುಚಿದೆ.

ಇಬ್ಬರೂ ಬೆಪ್ಪಾದರು. ನಾನು ಬಂದೂಕು ಕಿತ್ತುಕೊಂಡು ದೇವರ ಕೋಣೆಯ ಬಾಗಿಲು ಹಾಕಿಕೊಂಡು ನಳಿಗೆ ಬಗ್ಗಿಸಿದೆ. ತೋಟಾದ ಹಿಂಬದಿಯ ಹಿತ್ತಾಳೆಯ ನಡುವೆ ಉಗುರು ಊರಿದಂಥ ಒಂದು ಕುಳಿ ಬಿದ್ದಿತ್ತು. ಕುದುರೆ ಬಿದ್ದಿತ್ತು, ಸರಿಯಾದ ಜಾಗದಲ್ಲೇ ಬಿದ್ದಿತ್ತು. ಮಾವನ ಕಾಲದ ತೋಟಾ ಹಳೆಯದಾಗಿ ಕೆಟ್ಟಿತ್ತು, ಅದಕ್ಕೇ ಹಾರಲಿಲ್ಲ. ಹೊರಗೆ ತಾತ, "ನಿಮ್ಮನೆಯವರ ಮಡಿ ನನಗೆ ಇಷ್ಟ ಆಯ್ತು ಕಣ್ರೀ" ಎನ್ನುತ್ತಿರುವುದು ಕೇಳಿಸಿತು. ನಾನು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಟಕ್ ಎಂಬ ಆ ಕಥೆ ಬೀದಿಯ ಆಸ್ತಿಯಾಯಿತು. ಪಾರ್ಕಿನ ಬೆಂಚಿನ ಮೇಲೆ ತಾತ ಕೋಲೆತ್ತಿ ತಮ್ಮ ಪಾತ್ರ ಮಾಡುತ್ತಿದ್ದರು, ನಮ್ಮವರು ನಾಲಿಗೆಯಲ್ಲಿ ಟಕ್ ಅನ್ನಿಸುತ್ತಿದ್ದರು. ನಾನೂ ನಿಂತು ನಗುತ್ತಿದ್ದೆ. ಇಷ್ಟು ಚೆನ್ನಾಗಿ ನಟಿಸಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಒಂದು ಸಂಜೆ ಯಾರೋ, ಮಗಳು ಒಬ್ಬಳೇ ಇರುತ್ತಾಳೆ, ನಾವೂ ಒಂದು ಲೈಸೆನ್ಸಿಗೆ ಹಾಕೋಣವೇ ಎಂದು ನಮ್ಮವರನ್ನು ಕೇಳಿದರು. "ಹಾಕಿ ಸ್ವಾಮಿ. ಖಾಲಿ ಇಟ್ಕೊಂಡ್ರೆ ಏನೂ ಆಗಲ್ಲ, ಇವರನ್ನೇ ಕೇಳಿ" ಎಂದು ನಮ್ಮವರು ತಾತನ ಬೆನ್ನು ತಟ್ಟಿದರು. ಬದುಕಿರುವ ತಾತನೇ ಅವರ ಸಾಕ್ಷಿ.

ಅವತ್ತು ಮನೆಗೆ ಬಂದು ಹೇಳಿಬಿಟ್ಟೆ. ತೋಟಾವನ್ನೂ ಅವರ ಕೈಗಿಟ್ಟೆ. ಅವರು ಬೆರಳಲ್ಲಿ ಆ ಕುಳಿಯನ್ನು ಸವರಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಎದೆಗೇ ಇಟ್ಟಿದ್ದೆ ಕಣೇ" ಎಂದರು. "ಖಾಲಿ ತಾನೆ ಅಂದ್ಬುಟ್ಟು ಎದೆಗೇ ಇಟ್ಟೆ. ತುಂಬಿದೆ ಅಂತ ಗೊತ್ತಿದ್ದಿದ್ರೆ ಎತ್ತುತಾನೇ ಇರ್ಲಿಲ್ಲ."

ಮಾರನೆಯ ದಿನ ಬಂದೂಕು ಒಪ್ಪಿಸಿ ಬರುತ್ತೇನೆಂದು ಹೊರಟರು. ನಾನು ತಡೆದೆ. ಹೌದು, ನಾನೇ. ನೀವು ಟೂರಿಗೆ ಹೋದರೆ ನಾನೇನು ಮಾಡಲಿ ಎಂದೆ, ಆ ಹೆಂಗಸಿನ ಮಣಿಕಟ್ಟು ಮರೆತಿರಾ ಎಂದೆ. ಅವರು ಬಂದೂಕನ್ನು ಒಳಗಿಟ್ಟರು. ಆಮೇಲೆ ಪಾರ್ಕಿಗೆ ಹೋಗುವುದನ್ನು ಬಿಟ್ಟರು. ತಾತ ಎದುರಿಗೆ ಬಂದರೆ ಇನ್ನೊಂದು ರಸ್ತೆ ಹಿಡಿಯತೊಡಗಿದರು.

ಕೆಲವು ದಿನ ಕಳೆದು, ನಮ್ಮವರು ಊರಲ್ಲಿ ಇಲ್ಲದ ಒಂದು ಮಧ್ಯಾಹ್ನ ತಾತ ನಮ್ಮ ಮನೆಗೆ ಬಂದರು. ಹೆಂಡತಿ ಮಾಡಿದ ಕೋಡುಬಳೆಯ ಡಬ್ಬಿ ಟೀಪಾಯಿಯ ಮೇಲಿಟ್ಟು ಕುರ್ಚಿಯ ತುದಿಯಲ್ಲಿ ಕೂತರು.

"ತಪ್ಪು ನಂದೇ ಕಣಮ್ಮ. ಹೇಳದೆ ಕೇಳದೆ ಗೇಟಿನೊಳಗೆ ಬಂದಿದ್ದು ತಪ್ಪು. ಅದನ್ನ ಊರೆಲ್ಲ ಹೇಳ್ಕೊಂಡು ನಕ್ಕಿದ್ದು ಇನ್ನೂ ತಪ್ಪು. ಯಜಮಾನರು ಮುಖ ತಪ್ಪಿಸ್ತಾ ಇದಾರೆ. ಕ್ಷಮಿಸಿ ಅಂತ ಹೇಳಮ್ಮ ಅವರಿಗೆ" ಎಂದು ಕೈ ಮುಗಿದರು.

ನನ್ನ ಅಪ್ಪನ ವಯಸ್ಸಿನವರು. ಆ ಮುಗಿದ ಕೈಗಳನ್ನು ನೋಡಲಾಗಲಿಲ್ಲ. ಬಂದೂಕು ತುಂಬಿತ್ತೆಂದು ಹೇಳಿದೆ. ತುಂಬಿದ್ದು ನಾನೆಂದೂ, ಬರಿದಾಗಿಟ್ಟು ಪೂಜೆ ಮಾಡಬಾರದೆಂದು ಹಾಗೆ ಮಾಡಿದೆನೆಂದೂ, ನಮ್ಮವರಿಗೆ ಗೊತ್ತಿರಲಿಲ್ಲವೆಂದೂ ಹೇಳಿದೆ. ತೋಟಾ ಕೆಟ್ಟಿರದಿದ್ದರೆ ಎಂದು ಶುರು ಮಾಡಿ, ಮುಗಿಸಲಾಗದೆ ನಿಲ್ಲಿಸಿದೆ.

ಅವರ ಕೈ ತಾನೇ ತಾನಾಗಿ ಎದೆಯ ಮೇಲೆ ಹೋಯಿತು. ಅಲ್ಲೇ ನಿಂತಿತು.

"ಅಷ್ಟು ದಿನ ನಕ್ಕೆನಲ್ಲಮ್ಮ ನಾನು" ಎಂದರು. ಆಮೇಲೆ, "ಈಗ ಯಜಮಾನರಿಗೆ ಗೊತ್ತಾ?" ಎಂದು ಕೇಳಿದರು.

"ಗೊತ್ತು."

"ಹಾಗಾದ್ರೆ ಅದನ್ನ ಕೊಟ್ಟುಬಿಟ್ಟಿರ್ತಾರೆ. ಅಲ್ವಾ?"

ಆ ಪ್ರಶ್ನೆಯಲ್ಲಿ ಅನುಮಾನವೇ ಇರಲಿಲ್ಲ. ಗೊತ್ತಾದ ಮೇಲೆ ಯಾರು ತಾನೆ ಮನೆಯಲ್ಲಿಟ್ಟುಕೊಳ್ಳುತ್ತಾರೆ ಎಂಬ ಸಮಾಧಾನದ ದನಿ ಅದು. ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಕೋಡುಬಳೆ ತಿಂದು, ಕಾಫಿ ಕುಡಿದು ಹೋಗುತ್ತಿದ್ದರೋ ಏನೋ.

"ಇಲ್ಲೇ ಇದೆ" ಎಂದೆ. "ನಾನೇ ಕೊಡಬೇಡಿ ಅಂದೆ. ಒಬ್ಬಳೇ ಇರ್ತೀನಲ್ಲ, ನನಗೆ ಭಯ."

ತಾತ ಒಳಕೋಣೆಯ ಬಾಗಿಲನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬರುತ್ತೇನೆ ಎನ್ನಲಿಲ್ಲ. ಮೆಲ್ಲಗೆ ಎದ್ದು, ಕುರ್ಚಿಯ ಬೆನ್ನು ಹಿಡಿದುಕೊಂಡು, ನನ್ನ ಮೇಲಿನ ಕಣ್ಣು ತೆಗೆಯದೆ ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತಾ ಹೊಸ್ತಿಲು ದಾಟಿದರು. ಗೇಟು ಸಿಗುವವರೆಗೂ ಅವರು ನನಗೆ ಬೆನ್ನು ತೋರಿಸಲಿಲ್ಲ.