ಹುಲಿಗೆವ್ವ ಕಾವಲು ಕಾಯ್ದ ಬೇವು

ಹುಲಿಗೆವ್ವಳಿಗೆ ಸಂಶಯ ಹುಟ್ಟುಗುಣ. ನನ್ನ ಅಂಗಡಿಯ ಚಹಾದ ಲೋಟವನ್ನು ಬಿಸಿಲಿಗೆ ಹಿಡಿದು ನೋಡಿ ಕುಡಿಯುವವಳು ಅವಳೊಬ್ಬಳೇ.

"ಕಾಶವ್ವ, ನಿನ್ನಿ ಪುಡೀನ ಮತ್ತ ಕುದಿಸೀಯೇನ?"

ನಾನು ವಿಜಾಪುರದವಳು, ನನಗೂ ಸಿಟ್ಟು ಮೂಗಿನ ತುದಿಯಲ್ಲೇ. "ಹೌದವಾ, ಕುಡದು ಸಾಯಿ" ಅನ್ನುತ್ತಿದ್ದೆ. ನಕ್ಕು ಕುಡಿಯುತ್ತಿದ್ದಳು.

ಎರಡು ಸಾವಿರದ ಮೂರನೆಯ ಇಸವಿ ಇರಬೇಕು. ನಾನು ಹೊಟ್ಟೆಪಾಡಿಗೆ ಬಂದ ಹಿಂಜವಾಡಿಯಲ್ಲಿ ನನ್ನ ಅಂಗಡಿಯ ಎದುರಿಗೇ ದೊಡ್ಡ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿ ಸುರಪುರದ ಕಡೆಯ ಹೆಣ್ಣಾಳುಗಳಿಗೆಲ್ಲ ಹುಲಿಗೆವ್ವಳೇ ಹಿರಿಯಳು. ಆ ಬಯಲಿನಲ್ಲಿ ಉಳಿದಿದ್ದದ್ದು ಒಂದೇ ಒಂದು ಬೇವಿನ ಮರ. ತಾಯಂದಿರು ಕಾಂಕ್ರೀಟು ಹೊರುವಾಗ ಕೂಸುಗಳು ಅದರ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಗಳಲ್ಲಿ ಮಲಗಿರುತ್ತಿದ್ದವು. ಇವರ ಹಿಂದಿನ ಸೈಟಿನಲ್ಲಿ ಮರವೇ ಇರಲಿಲ್ಲ. ಅಲ್ಲಿ ಉಸುಕಿನ ಗುಡ್ಡೆಯ ಪಕ್ಕ ಮಲಗಿಸಿದ್ದ, ಹುಲಿಗೆವ್ವಳ ಮಗಳು ಸಪ್ನಾಳ ಚೊಚ್ಚಲ ಕೂಸು ಬಿಸಿಲಿನ ಝಳಕ್ಕೆ ಜ್ವರ ಬಂದು ತೀರಿಹೋಗಿತ್ತು. ಈಗ ಬೇವಿನ ಜೋಲಿಯಲ್ಲಿ ಇದ್ದದ್ದು ಸಪ್ನಾಳ ಎರಡನೆಯ ಮಗು.

ಹಾಗಾಗಿ ಆ ಮರವೆಂದರೆ ಹುಲಿಗೆವ್ವಳಿಗೆ ಜೀವ. ಕಾಂಡಕ್ಕೆ ಅರಿಸಿನ ಹಚ್ಚಿ ಕೈಮುಗಿಯುತ್ತಿದ್ದಳು. ಟ್ಯಾಂಕರಿನ ನೀರು ಎಲ್ಲಿಗೂ ಸಾಲುತ್ತಿರಲಿಲ್ಲ. ಅದಕ್ಕೇ ಒಂದು ಕಟ್ಟಪ್ಪಣೆ ಮಾಡಿದ್ದಳು: ಸಂಜೆ ಕಾಂಕ್ರೀಟು ಹೊತ್ತ ಪುಟ್ಟಿ, ಸಲಿಕೆ, ಕೈಕಾಲು ಏನೇ ತೊಳೆದರೂ ಮರದ ಬುಡದಲ್ಲೇ ತೊಳೆಯಬೇಕು. "ಒಂದ್ ಹನಿ ದಂಡ ಆಗಬಾರದು. ಅವ್ವ ಕುಡೀಲಿ."

ಯುಗಾದಿ ಬಂತು, ಬೇವು ಚಿಗುರಲಿಲ್ಲ. ಇದ್ದ ಎಲೆಗಳೂ ಹಳದಿಯಾಗಿ ಜೋಲಿಗಳೊಳಗೆ ಉದುರತೊಡಗಿದವು.

"ಯಾರೋ ವಿಷ ಹಾಕ್ಯಾರ" ಎಂದಳು ಹುಲಿಗೆವ್ವ.

ನನಗೂ ಅದು ಸುಳ್ಳೆನ್ನಿಸಲಿಲ್ಲ. ಕಾರು ನಿಲ್ಲಿಸುವ ಜಾಗಕ್ಕೆ ಆ ಮರ ಅಡ್ಡವಾಗಿತ್ತು, ಕಡಿಯಲು ಪರವಾನಗಿ ಸಿಕ್ಕಿರಲಿಲ್ಲ. ಒಣಗಿದ ಮರವಾದರೆ ಕೇಳುವವರು ಯಾರು? ಅವಳು ಸೂಪರ್‌ವೈಸರನನ್ನು ಸಂಶಯಿಸಿದಳು, ಟ್ಯಾಂಕರಿನವನನ್ನು ಸಂಶಯಿಸಿದಳು, ಕೊನೆಗೆ ನಾನು ಚೆಲ್ಲುವ ಚಹಾದ ಗಸಿಯನ್ನೂ ಬಿಡಲಿಲ್ಲ. ಕೆಲಸದ ನಡುವೆಯೂ ಕಣ್ಣು ಮರದ ಮೇಲೇ.

ಒಂದು ಮಧ್ಯಾಹ್ನ ವಾಚ್‌ಮನ್ ಗೂಳಪ್ಪ ಬುಡಕ್ಕೆ ಕ್ಯಾನಿನಿಂದ ಏನೋ ಸುರಿಯುತ್ತಿದ್ದ. ಹುಲಿಗೆವ್ವ ಪುಟ್ಟಿ ಒಗೆದು ಓಡಿದಳು.

"ಏನೋ ಅದು?"

"ನೀರವಾ. ನನ್ನ ಪಾಲಿನ ಕುಡಿಯೂ ನೀರು. ಒಣಗೂದು ನೋಡಿ ಕರುಳು ಚುರ್ ಅಂತು."

ಅವಳು ಕ್ಯಾನು ಕಸಿದು ಮೂಸಿದಳು. "ವಾಸನಿ ಇಲ್ಲದ ವಿಷಾನೂ ಬಂದಾವ ಈಗ!" ಎಂದವಳೇ ಬೊಗಸೆ ತುಂಬ ಮಣ್ಣು ಹಿಡಿದು ಗಾಳಿಗೆ ತೂರಿದಳು. "ನಮ್ಮ ಕೂಸುಗಳ ನೆರಳು ಕಸಗೊಂಡವರ ಕೈ ಸೇದಿ ಒಣಗಿಹೋಗಲಿ!"

ಮಣ್ಣು ತೂರಿ ಹಾಕಿದ ಶಾಪವನ್ನು ನಮ್ಮ ಕಡೆ ಯಾರೂ ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಗೂಳಪ್ಪ ಮುಖ ಸಣ್ಣದು ಮಾಡಿಕೊಂಡು ಉಳಿದ ನೀರನ್ನೂ ಅಲ್ಲೇ ಸುರಿದು ಹೋದ.

ಮರುದಿನ ಅವಳು ಹಾರೆ ತಂದಳು. ವಿಷದ ಪುಡಿಕೆ ಹೂತಿದ್ದಾರೆ, ಅಗೆದು ತೆಗೆದು ಎಲ್ಲರೆದುರು ಗೂಳಪ್ಪನ ಮುಖಕ್ಕೆ ಹಿಡಿಯುತ್ತೇನೆ ಎಂಬ ಹಟ. ಮೊದಲ ಪೆಟ್ಟಿಗೇ ಹಾರೆ ಠಣ್ಣೆಂದು ಪುಟಿಯಿತು. ಆಚೆ ಬದಿಗೆ ಹಾಕಿದಳು, ಅಲ್ಲೂ ಠಣ್. ಮೇಲಿನ ಧೂಳನ್ನು ಕೈಯಿಂದ ಬಳಿದಳು. ಕೆಳಗೆ ಬೂದು ಬಣ್ಣದ ಸಿಮೆಂಟು, ಮರದ ಬುಡವನ್ನು ಸುತ್ತುಗಟ್ಟಿ ಕಲ್ಲಾಗಿತ್ತು. ತಿಂಗಳುಗಟ್ಟಲೆ ಪುಟ್ಟಿ ತೊಳೆದ ನೀರಿನೊಳಗಿನ ಸಿಮೆಂಟೆಲ್ಲ ಅಲ್ಲಿ ಗಟ್ಟಿಯಾಗಿ ಕೂತಿತ್ತು. ಗೂಳಪ್ಪ ಹಾಕಿದ ಒಳ್ಳೆಯ ನೀರು ಕೂಡ ಬೇರಿಗೆ ಇಳಿದಿರಲಿಲ್ಲ.

ಹುಲಿಗೆವ್ವ ಹಾಗೇ ಕುಕ್ಕರಿಸಿದಳು. "ಯವ್ವಾ, ನಾನ ಕೊಂದೆನಲ್ಲೇ! ಕುಡಿ ಕುಡಿ ಅಂತ ನನ್ನ ಕೈಯಾರೆ ಹಾಕಿ ಕೊಂದೆನಲ್ಲೇ!" ಎಂದು ಎದೆ ಬಡಿದುಕೊಂಡಳು. ಬೈಯುವುದಕ್ಕೆ ಸದಾ ತಯಾರಿರುವ ನಾನು ಓಡಿ ಹೋಗಿ ಅವಳ ಕೈ ಹಿಡಿದೆ. ಪಾಪ, ಯಾರನ್ನು ಬೈಯಲಿ?

ಗೂಳಪ್ಪನೇ ಸುತ್ತಿಗೆ ಹಿಡಿದು ಬಂದ. "ಅಳೂದು ಆಮ್ಯಾಲ. ಏಳು, ಮೊದಲು ಒಡಿ."

ಸಂಜೆಯವರೆಗೆ ಒಡೆದರು. ಬೇರುಗಳ ಅರ್ಧ ಭಾಗದಲ್ಲಿ ಇನ್ನೂ ಹಸಿ ಇತ್ತು. ಮರ ಬದುಕಿದರೂ ಬದುಕೀತು. ಆದರೆ ಜೋಲಿ ಕಟ್ಟುವ ಕೊಂಬೆ ಪೂರಾ ಒಣಗಿತ್ತು, ಗೂಳಪ್ಪ ಜಗ್ಗಿದ್ದಕ್ಕೇ ಲಟಕ್ಕನೆ ಮುರಿಯಿತು. ಸಪ್ನಾ ಓಡಿ ಬಂದು, ಜೋಲಿಯಿಂದ ಇಳಿಸಿ ಪಕ್ಕದಲ್ಲಿ ಮಲಗಿಸಿದ್ದ ಮಗುವನ್ನು ಎದೆಗೆ ಅವುಚಿಕೊಂಡಳು.

ಮಾರನೆಯ ದಿನ ಸಪ್ನಾ ಕೆಲಸಕ್ಕೆ ಹೋದಳು, ಹುಲಿಗೆವ್ವ ಹೋಗಲಿಲ್ಲ. ಬೋಳು ಮರದ ಕೆಳಗೆ ಮಗುವನ್ನು ಮಲಗಿಸಿ, ಸೂರ್ಯನಿಗೆ ಬೆನ್ನು ಕೊಟ್ಟು, ಸೆರಗು ಅಗಲಿಸಿ ನಿಂತಳು. ಬಿಸಿಲು ಸರಿದಂತೆ ತಾನೂ ಸರಿದಳು. ತಲೆಗೆ ನೆರಳಾದರೆ ಕಾಲಿಗಿಲ್ಲ, ಕಾಲಿಗಾದರೆ ತಲೆಗಿಲ್ಲ. ಅಷ್ಟರಲ್ಲಿ ಇನ್ನೊಬ್ಬಳು ತನ್ನ ಕೂಸನ್ನೂ ತಂದು ಪಕ್ಕದಲ್ಲಿ ಮಲಗಿಸಿದಳು. ಆಮೇಲೆ ಮತ್ತೊಬ್ಬಳು.

ನಾನು ಚಹಾದ ಲೋಟ ಹಿಡಿದು ಹೋದೆ. "ಎಷ್ಟೊತ್ತು ನಿಂದರತಿ? ತುಸು ಕೂಡಬಾರದೇನ?" ಎಂದೆ.

"ಕೂತರ ನೆರಳು ಸಣ್ಣದಾಗತದ, ಕಾಶವ್ವ" ಎಂದಳು.