ಹಿಟ್ಟಿನ ಗಿರಣಿಯ ಮೈಲಿಗೆ

ಗೆಳೆಯರೇ, ಇಂದು ಬೆಳಿಗ್ಗೆ ಮಸ್ಕಿಯ ಹೊಸ ಹಿಟ್ಟಿನ ಗಿರಣಿಯಲ್ಲಿ ಊರಾಚೆಯ ಕೇರಿಯ ದುರುಗಮ್ಮನ ಜೋಳ ಬೀಸಲು ಸಾಹುಕಾರರು ಒಪ್ಪಲಿಲ್ಲ. ಮಗಳು ಬಾಣಂತಿ, ಮನೆಯಲ್ಲಿ ಬೀಸುವವರಿಲ್ಲ ಎಂದು ಅವಳು ಅಂಗಲಾಚಿದಳು.

"ನಿಜಾಮರ ಸೀಮಿಗಿ ಯಂತ್ರ ಬಂತು, ನಿಮ್ಮ ಮೈಲಿಗಿ ಇನ್ನೂ ಹೋಗಲಿಲ್ಲೇನ್ರೀ?" ಎಂದು ನಾನು ರೇಗಿದೆ.

"ನನಗೇನು ಭೇದ ಇಲ್ಲೋ ತಮ್ಮಾ. ಆಕಿ ಜ್ವಾಳ ಬೀಸಿದ್ರ ಊರಾನ ಮಂದಿ ನನ್ನ ನಂಬಿ ಮತ್ತ ಗಿರಣಿಗಿ ಬರತಾರೇನು?" ಎಂದವರೇ ಅವಳತ್ತ ತಿರುಗಿದರು. "ದುರುಗೀ, ಎಂಜಿನ್ನಿನ ಚರ್ಮದ ಪಟ್ಟಾ ಹರಿಯಾಕತ್ತೈತಿ. ಹೊಲಿಯಾಕ ನಿನ್ನ ಗಂಡನ್ನ ಕಳಸು."

"ಅದನ್ನ ಅವ ಮುಟ್ಟಿದ್ರ ನಡಿತೈತೇನ್ರೀ ಧಣೀ?" ಎಂದು ಕೇಳಿದ ದುರುಗಮ್ಮ, ಬುಟ್ಟಿ ಹೊತ್ತು ಮನೆಯ ಬೀಸುವ ಕಲ್ಲಿಗೆ ಮರಳಿದಳು.

ಎಂಜಿನ್ನಿನ ಸದ್ದಿಗೆ ಏನೂ ಕೇಳಿಸಲಿಲ್ಲ ಎಂದರು ಸಾಹುಕಾರರು. ಎಂಜಿನ್ ಇನ್ನೂ ಶುರುವೇ ಆಗಿರಲಿಲ್ಲ!